ವಾಷಿಂಗ್ಟನ್ ಹೆಸರಿನ ವಿಸ್ಕಿ, ಆ್ಯಂಡರ್ಸನ್ ಕಟ್ಟಿದ ಭಟ್ಟಿ

1799ರ ಡಿಸೆಂಬರ್ 13ರಂದು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಒಂದು ಪತ್ರ ಬರೆದರು. ಹಿಂದಿನ ದಿನ ಹಿಮ, ಆಲಿಕಲ್ಲು, ಮಳೆಯನ್ನು ಲೆಕ್ಕಿಸದೆ ಗಂಟೆಗಟ್ಟಲೆ ಕುದುರೆಯ ಮೇಲೆ ಜಮೀನು ಸುತ್ತಿ ಬಂದಿದ್ದ ಅವರಿಗೆ ಗಂಟಲು ನೋವು ಕಾಣಿಸಿಕೊಂಡಿತ್ತು. ಮರುದಿನ ರಾತ್ರಿ ಅವರು ಕೊನೆಯುಸಿರೆಳೆದರು. ಹೀಗಾಗಿ ಆ ಪತ್ರವೇ ಅವರ ಬದುಕಿನ ಕಡೆಯ ಪತ್ರವೆನಿಸಿತು. ಹೊಸ ರಾಷ್ಟ್ರದ ಭವಿಷ್ಯದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ದನದ ದೊಡ್ಡಿಯೊಂದರ ದುಃಸ್ಥಿತಿಯ ಬಗ್ಗೆ ಅಸಮಾಧಾನವಿದೆ, ಜತೆಗೆ ಬರುವ ವರ್ಷದ ಬೇಸಾಯದ ವಿವರವಾದ ಯೋಜನೆಯಿದೆ. ಪತ್ರ ತಲುಪಬೇಕಿದ್ದುದು ಎಸ್ಟೇಟಿನ ವ್ಯವಸ್ಥಾಪಕ ಜೇಮ್ಸ್ ಆ್ಯಂಡರ್ಸನ್ ಅವರಿಗೆ.

ಆ್ಯಂಡರ್ಸನ್ ಅವರ ಹೆಸರು ನಮ್ಮಲ್ಲಿ ಹೆಚ್ಚು ಪರಿಚಿತವಲ್ಲ. ಅಮೆರಿಕದ ಮದ್ಯೋದ್ಯಮದ ಚರಿತ್ರೆಯಲ್ಲಿ ಮಾತ್ರ ಅದಕ್ಕೆ ದೊಡ್ಡ ಸ್ಥಾನವಿದೆ. ಸ್ಕಾಟ್ಲೆಂಡಿನಿಂದ ವಲಸೆ ಬಂದ ಈ ಕೃಷಿಕ, ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಎಸ್ಟೇಟಿನಲ್ಲಿ ರೈ ವಿಸ್ಕಿಯ ಭಟ್ಟಿಯೊಂದನ್ನು ಆರಂಭಿಸಿದರು. ಮೂರನೆಯ ವರ್ಷಕ್ಕೆ ಅದು ಅಂದಿನ ಅಮೆರಿಕದ ಅತಿ ದೊಡ್ಡ ಭಟ್ಟಿಗಳ ಸಾಲಿಗೆ ಸೇರಿತು. ಜಮೀನು ಮತ್ತು ಬಂಡವಾಳ ವಾಷಿಂಗ್ಟನ್ ಅವರದು. ಯೋಚನೆ ಆ್ಯಂಡರ್ಸನ್ ಅವರದು. ದುಡಿಮೆ ಆರು ಮಂದಿ ಗುಲಾಮರದು. ಚರಿತ್ರೆ ಬಹುಕಾಲ ನೆನಪಿಟ್ಟುಕೊಂಡದ್ದು ಮೊದಲನೆಯವರನ್ನು ಮಾತ್ರ.

ಫೈಫ್‌ನಿಂದ ವರ್ಜೀನಿಯಾಕ್ಕೆ

ಜೇಮ್ಸ್ ಆ್ಯಂಡರ್ಸನ್ ಹುಟ್ಟಿದ್ದು 1745ರ ಸುಮಾರಿಗೆ, ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಇನ್ವರ್‌ಕೀಥಿಂಗ್ ಆಸುಪಾಸಿನಲ್ಲಿ. ಎಡಿನ್‌ಬರೋ ನಗರದಿಂದ ಫೋರ್ತ್ ಕೊಲ್ಲಿಯನ್ನು ದಾಟಿದರೆ ಸಿಗುವ ಪುಟ್ಟ ಬಂದರು ಊರು ಅದು. ಆ ಸೀಮೆಯ ರೈತರಲ್ಲಿ ಬಹುಪಾಲು ಮಂದಿ ಗೇಣಿದಾರರು. ಭೂಮಿ ಜಮೀನ್ದಾರರದು, ವರ್ಷಗಳ ಲೆಕ್ಕದಲ್ಲಿ ಒಪ್ಪಂದ, ಬೆಳೆ ಕೈಕೊಟ್ಟರೂ ಗೇಣಿ ತಪ್ಪದು. ಬೇಸಾಯದ ಜತೆಗೆ ಧಾನ್ಯದ ವ್ಯವಹಾರ ಮತ್ತು ಭಟ್ಟಿ ಇಳಿಸುವ ಕಸುಬು ಎರಡನ್ನೂ ಆ್ಯಂಡರ್ಸನ್ ಅಲ್ಲಿಯೇ ಕಲಿತರು. ಬೆಳೆದ ಧಾನ್ಯವನ್ನು ಮಾರುವುದಕ್ಕಿಂತ ಅದನ್ನು ಮದ್ಯವಾಗಿಸಿ ಮಾರಿದರೆ ಹೆಚ್ಚು ಹಣ ಬರುತ್ತದೆ ಎಂಬುದು ಸ್ಕಾಟ್ಲೆಂಡಿನ ತಗ್ಗುನಾಡಿನ ರೈತರಿಗೆ ಹೊಸ ವಿಷಯವೇನೂ ಆಗಿರಲಿಲ್ಲ.

ಆದರೆ 1780ರ ದಶಕ ಅಲ್ಲಿನ ಭಟ್ಟಿಗಳ ಪಾಲಿಗೆ ಸುಲಭದ ಕಾಲವಾಗಿರಲಿಲ್ಲ. ಲಂಡನ್ನಿನ ಸರ್ಕಾರ ಒಂದರ ಹಿಂದೊಂದು ತೆರಿಗೆ ಕಾನೂನು ತಂದಿತು. 1786ರ ಕಾಯ್ದೆಯಂತೂ ಹಂಡೆಯ ಗಾತ್ರವನ್ನೇ ಅಳೆದು ವರ್ಷದ ಸುಂಕ ನಿಗದಿ ಮಾಡಿತು. ಫೈಫ್‌ನ ನೆರೆಯಲ್ಲಿ ಬೃಹತ್ ಭಟ್ಟಿಗಳನ್ನು ನಡೆಸುತ್ತಿದ್ದ ಸ್ಟೀನ್ ಕುಟುಂಬ 1788ರಲ್ಲಿ ದಿವಾಳಿಯಾಯಿತು. ಅಂಥ ಕಾಲದಲ್ಲಿ ನಡುವಯಸ್ಸು ದಾಟುತ್ತಿದ್ದ ಆ್ಯಂಡರ್ಸನ್, 1790ರ ದಶಕದ ಆರಂಭದಲ್ಲಿ ಕುಟುಂಬ ಸಮೇತ ಅಟ್ಲಾಂಟಿಕ್ ದಾಟಿ ವರ್ಜೀನಿಯಾ ಸೇರಿದರು. ಮೊದಲು ಬೇಸಾಯ ಮಾಡಿದರು. ನಂತರ ಫ್ರೆಡೆರಿಕ್ಸ್‌ಬರ್ಗ್ ಸಮೀಪದ ಸಾಲ್ವಿಂಗ್ಟನ್ ಎಂಬ ಎಸ್ಟೇಟಿನ ಉಸ್ತುವಾರಿ ವಹಿಸಿಕೊಂಡರು. ಅಲ್ಲಿ ಸಣ್ಣದೊಂದು ಭಟ್ಟಿಯೂ ಅವರ ಕೈಕೆಳಗೆ ನಡೆಯುತ್ತಿತ್ತು.

1796ರಲ್ಲಿ ಮೌಂಟ್ ವರ್ನನ್‌ನ ವ್ಯವಸ್ಥಾಪಕ ವಿಲಿಯಂ ಪಿಯರ್ಸ್ ಸಂಧಿವಾತದಿಂದ ಬಳಲಿ ಕೆಲಸ ಬಿಡಲು ನಿರ್ಧರಿಸಿದರು. ಅಧ್ಯಕ್ಷ ಪದವಿಯ ಕೊನೆಯ ತಿಂಗಳುಗಳಲ್ಲಿದ್ದ ವಾಷಿಂಗ್ಟನ್, ಫಿಲಡೆಲ್ಫಿಯಾದಲ್ಲಿ ಕುಳಿತೇ ಹೊಸಬರನ್ನು ಹುಡುಕಿದರು. ಆ್ಯಂಡರ್ಸನ್ ಅರ್ಜಿ ಹಾಕಿದರು. ತಮ್ಮ ಅನುಭವವನ್ನೆಲ್ಲ ಅದರಲ್ಲಿ ವಿವರಿಸಿದ್ದರು. 1797ರ ಜನವರಿಯಿಂದ ಕೆಲಸ ಆರಂಭವಾಯಿತು.

ಸಣ್ಣ ಕೆಲಸವಲ್ಲ ಅದು. ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ಹರಡಿದ್ದ ಮೌಂಟ್ ವರ್ನನ್‌ನ ವಿಸ್ತಾರ ಸುಮಾರು 8,000 ಎಕರೆ. ಐದು ಪ್ರತ್ಯೇಕ ಫಾರ್ಮುಗಳು, ಮೀನುಗಾರಿಕೆ, ಕಮ್ಮಾರಸಾಲೆ, ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ, ಮುನ್ನೂರಕ್ಕೂ ಹೆಚ್ಚು ಗುಲಾಮರು. ಇದಕ್ಕೆಲ್ಲ ಮೇಲೆ, ಪ್ರತಿ ವಾರ ಲಿಖಿತ ವರದಿ ಬಯಸುವ ಮಾಲೀಕ. ಎಷ್ಟು ಸಾಲು ಉತ್ತರು, ಎಷ್ಟು ಕುರಿ ಮರಿ ಹಾಕಿದವು, ಯಾರು ಎಷ್ಟು ದಿನ ಕಾಯಿಲೆ ಮಲಗಿದರು ಎಂಬುದೆಲ್ಲ ವಾಷಿಂಗ್ಟನ್ ಅವರಿಗೆ ಕಾಗದದ ಮೇಲೆ ಬರಬೇಕಿತ್ತು. ದೇಶವಾಳುವಾಗಲೂ ಅವರು ಈ ವರದಿಗಳನ್ನು ಓದುವುದನ್ನು ಬಿಟ್ಟವರಲ್ಲ.

ಹಿಂಜರಿದ ಮಾಲೀಕ

ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ ಆ್ಯಂಡರ್ಸನ್ ಕಣ್ಣಿಗೆ ಬಿದ್ದದ್ದು ಒಂದು ಅನುಕೂಲ. ವಾಷಿಂಗ್ಟನ್ 1760ರ ದಶಕದಲ್ಲಿಯೇ ಭೂಸಾರ ಹೀರುವ ಹೊಗೆಸೊಪ್ಪನ್ನು ಬಿಟ್ಟು ಗೋಧಿ ಮತ್ತಿತರ ಧಾನ್ಯಗಳಿಗೆ ಹೊರಳಿದ್ದರು. ಬೆಳೆ ಸರದಿಯಲ್ಲಿ ಮಣ್ಣು ಕಾಯುವುದಕ್ಕಾಗಿ ರೈ ಬಿತ್ತುತ್ತಿದ್ದರು. ರೈ ಎಂದರೆ ಗೋಧಿಗೆ ಹತ್ತಿರದ, ಚಳಿಯನ್ನು ಸಹಿಸಿ ಬಡ ಮಣ್ಣಿನಲ್ಲೂ ಬರುವ ಧಾನ್ಯ. ಹಿಂದಿಯವರು ರಾಯಿ ಎನ್ನುವ ಸಾಸಿವೆಗೂ ಇದಕ್ಕೂ ಸಂಬಂಧವಿಲ್ಲ. ಧಾನ್ಯವಿದೆ, ಬೀಸಲು ಗಿರಣಿಯಿದೆ, ಪಕ್ಕದಲ್ಲೇ ತೊರೆಯಿದೆ, ಪೀಪಾಯಿ ಮಾಡುವ ಕುಶಲಿಗಳಿದ್ದಾರೆ, ಸಾಗಿಸಲು ನದಿಯಿದೆ, ಕೆಲವೇ ಮೈಲಿ ದೂರದಲ್ಲಿ ಅಲೆಕ್ಸಾಂಡ್ರಿಯಾ ಪೇಟೆಯಿದೆ. ಇನ್ನೇನು ಬೇಕು ಎಂಬುದು ಸ್ಕಾಟ್ಲೆಂಡಿನ ರೈತನ ಲೆಕ್ಕಾಚಾರ.

ಕಾಲವೂ ಕೂಡಿಬಂದಿತ್ತು. ಕ್ರಾಂತಿಯ ಮುನ್ನ ಅಮೆರಿಕನ್ನರು ಹೆಚ್ಚಾಗಿ ಕುಡಿಯುತ್ತಿದ್ದುದು ರಮ್. ಅದಕ್ಕೆ ಬೇಕಾದ ಕಾಕಂಬಿ ಕೆರಿಬಿಯನ್ ದ್ವೀಪಗಳಿಂದ ಬರಬೇಕಿತ್ತು. ಯುದ್ಧ ಮತ್ತು ವ್ಯಾಪಾರ ನಿರ್ಬಂಧಗಳಿಂದ ಆ ದಾರಿ ಕಿರಿದಾದಾಗ ದೇಶದೊಳಗಿನ ಧಾನ್ಯದಿಂದ ಮಾಡಿದ ವಿಸ್ಕಿ ಮುಂದೆ ಬಂತು. ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್‌ಗಳಲ್ಲಿ ನೆಲೆಸಿದ್ದ ಜರ್ಮನ್ ಮೂಲದ ರೈತರೂ ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಬಂದವರೂ ರೈ ವಿಸ್ಕಿಯನ್ನು ಮನೆಮಾತಾಗಿಸಿದ್ದರು. ಇಂದು ಅಮೆರಿಕದ ವಿಸ್ಕಿ ಎಂದರೆ ಮೆಕ್ಕೆಜೋಳದ ಬರ್ಬನ್ ನೆನಪಾಗುತ್ತದೆ. ಆಗ ಪೂರ್ವ ತೀರದ ರಾಜ್ಯಗಳಲ್ಲಿ ವಿಸ್ಕಿ ಎಂದರೆ ರೈ.

ಆ್ಯಂಡರ್ಸನ್ ಅವರ ಪ್ರಸ್ತಾಪಕ್ಕೆ ವಾಷಿಂಗ್ಟನ್ ತಕ್ಷಣ ತಲೆದೂಗಲಿಲ್ಲ. ಈ ಕಸುಬಿನ ಗಂಧಗಾಳಿ ತಮಗಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಮದ್ಯ ಅವರಿಗೆ ಅಪರಿಚಿತವೇನಲ್ಲ. 1758ರ ವರ್ಜೀನಿಯಾ ಶಾಸನಸಭೆ ಚುನಾವಣೆಯಲ್ಲಿ ಮತದಾರರಿಗೆ ರಮ್, ವೈನ್, ಬಿಯರ್ ಧಾರಾಳವಾಗಿ ಹಂಚಿಸಿ ಗೆದ್ದವರು ಅವರು; ಈ ಪದ್ಧತಿ ಎಷ್ಟು ಹಳೆಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಯುದ್ಧಕಾಲದಲ್ಲಿ ಸೈನಿಕರಿಗೆ ಮದ್ಯದ ಕೊರತೆಯಾದಾಗ, ರಾಜ್ಯಗಳಲ್ಲಿ ಸಾರ್ವಜನಿಕ ಭಟ್ಟಿಗಳನ್ನು ಸ್ಥಾಪಿಸುವಂತೆ 1777ರಲ್ಲಿ ಕಾಂಗ್ರೆಸ್ಸಿಗೆ ಸಲಹೆ ನೀಡಿದ್ದವರೂ ಅವರೇ. ಆದರೆ ಕುಡಿಸುವುದು ಬೇರೆ, ಇಳಿಸಿ ಮಾರುವುದು ಬೇರೆ. ಎಂಟು ವರ್ಷ ಅಧ್ಯಕ್ಷರಾಗಿ ಊರಿಗೆ ಮರಳಿದ್ದ 65ರ ವೃದ್ಧರ ಕೈಯಲ್ಲಿ ಭೂಮಿ ಬೇಕಾದಷ್ಟಿತ್ತು, ನಗದು ಇರಲಿಲ್ಲ.

ಕೊನೆಗೆ ಸಣ್ಣ ಪ್ರಯೋಗಕ್ಕೆ ಅನುಮತಿ ದೊರೆಯಿತು. 1797ರ ಆರಂಭದಲ್ಲಿ ಗಿರಣಿಯ ಬಳಿಯ ಪೀಪಾಯಿ ಮಾಡುವ ಶೆಡ್ಡಿನಲ್ಲಿ ಎರಡು ಹಂಡೆಗಳನ್ನು ಹೂಡಿ ಆ್ಯಂಡರ್ಸನ್ ವಿಸ್ಕಿ ಇಳಿಸಿದರು. ಸುಮಾರು 600 ಗ್ಯಾಲನ್, ಅಂದರೆ 2,200 ಲೀಟರ್‌ಗೂ ಹೆಚ್ಚು ಮಾಲು ಬಂತು. ಮಾರಾಟವೂ ಆಯಿತು. ಆ್ಯಂಡರ್ಸನ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಕಲ್ಲಿನ ಕಟ್ಟಡ ಕಟ್ಟಿ, ದೊಡ್ಡ ಪ್ರಮಾಣದಲ್ಲಿ ಮಾಡೋಣವೆಂದು ಒತ್ತಾಯಿಸತೊಡಗಿದರು.

ಜೂನ್‌ನಲ್ಲಿ ವಾಷಿಂಗ್ಟನ್ ತಮ್ಮ ಹಳೆಯ ಮಿತ್ರ ಜಾನ್ ಫಿಟ್ಜೆರಾಲ್ಡ್ ಅವರಿಗೆ ಪತ್ರ ಬರೆದು ಅಭಿಪ್ರಾಯ ಕೇಳಿದರು. ಐರ್ಲೆಂಡಿನಲ್ಲಿ ಹುಟ್ಟಿದ ಫಿಟ್ಜೆರಾಲ್ಡ್ ಯುದ್ಧದಲ್ಲಿ ಅವರ ಸಹಾಯಕ ಸೇನಾಧಿಕಾರಿಯಾಗಿದ್ದವರು, ಅಲೆಕ್ಸಾಂಡ್ರಿಯಾದಲ್ಲಿ ರಮ್ ಭಟ್ಟಿಯ ವ್ಯವಹಾರ ಬಲ್ಲವರು. ಆ್ಯಂಡರ್ಸನ್ ಕೆಲಸ ಗೊತ್ತಿರುವ ಮನುಷ್ಯ, ಲಾಭಕ್ಕೆ ಕೊರತೆಯಾಗದು ಎಂಬ ಧಾಟಿಯ ಉತ್ತರ ಅವರಿಂದ ಬಂತು. ಆ ಭರವಸೆಯ ಮೇಲೆ ವಾಷಿಂಗ್ಟನ್ ಹಣ ಹೂಡಲು ಒಪ್ಪಿದರು.

ತೆರಿಗೆ ಹಾಕಿದವರೇ ತೆರಿಗೆ ಕಟ್ಟಿದರು

ಇಲ್ಲೊಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ಭಟ್ಟಿಗಳ ಮೇಲೆ ಮೊದಲ ಬಾರಿಗೆ ಒಕ್ಕೂಟ ಸರ್ಕಾರದ ಸುಂಕ ಬಿದ್ದದ್ದು ವಾಷಿಂಗ್ಟನ್ ಅವರ ಆಡಳಿತದಲ್ಲಿಯೇ. ಯುದ್ಧದ ಸಾಲ ತೀರಿಸುವುದಕ್ಕಾಗಿ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ರೂಪಿಸಿದ ಈ ಸುಂಕಕ್ಕೆ 1791ರಲ್ಲಿ ಅಂಕಿತ ಬಿತ್ತು. ಬೆಟ್ಟಗಳ ಆಚೆಗಿನ ಪಶ್ಚಿಮ ಪೆನ್ಸಿಲ್ವೇನಿಯಾದ ಸಣ್ಣ ರೈತರಿಗೆ ಅದು ನುಂಗಲಾರದ ತುತ್ತಾಯಿತು. ಧಾನ್ಯದ ಮೂಟೆಗಳನ್ನು ಬೆಟ್ಟ ದಾಟಿಸಿ ಮಾರುವುದು ಅವರಿಗೆ ಅಸಾಧ್ಯ. ಅದನ್ನೇ ವಿಸ್ಕಿಯಾಗಿಸಿದರೆ ಕುದುರೆಯ ಬೆನ್ನ ಮೇಲೆ ಸಾಗಿಸಬಹುದಿತ್ತು. ಅಲ್ಲಿ ವಿಸ್ಕಿ ನಗದಿನ ಬದಲಿಗೂ ಚಲಾವಣೆಯಾಗುತ್ತಿತ್ತು. ದೊಡ್ಡ ಭಟ್ಟಿಯವರಿಗೆ ಹಗುರವಾಗಿ, ಸಣ್ಣವರಿಗೆ ಭಾರವಾಗಿ ಬೀಳುವಂತಿದ್ದ ಆ ಸುಂಕದ ವಿರುದ್ಧ 1794ರಲ್ಲಿ ದಂಗೆ ಎದ್ದಿತು. ಸುಮಾರು 13,000 ಮಂದಿಯ ಸೇನೆ ಕೂಡಿಸಿ, ಸ್ವಲ್ಪ ದೂರದವರೆಗೆ ಸ್ವತಃ ಮುಂದಾಳತ್ವ ವಹಿಸಿ ವಾಷಿಂಗ್ಟನ್ ಅದನ್ನು ಅಡಗಿಸಿದರು. ದೇಶದ್ರೋಹದ ಅಪರಾಧಿಗಳೆಂದು ತೀರ್ಪಾದ ಇಬ್ಬರಿಗೆ ನಂತರ ಕ್ಷಮಾದಾನ ನೀಡಿದರು.

ಮೂರೇ ವರ್ಷಗಳ ತರುವಾಯ ಅವರೇ ಭಟ್ಟಿಯ ಮಾಲೀಕರಾದರು. ಮೌಂಟ್ ವರ್ನನ್‌ನ ಐದು ಹಂಡೆಗಳ ಒಟ್ಟು ಸಾಮರ್ಥ್ಯ 616 ಗ್ಯಾಲನ್. ಅದರ ಮೇಲೆ ವರ್ಷಕ್ಕೆ 332 ಡಾಲರ್ ಸುಂಕ ಕಟ್ಟಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಹಂಡೆಯ ಅಳತೆಯ ಮೇಲೆ ತೆರಿಗೆ ಬಿದ್ದಾಗ ಏನಾಗುತ್ತದೆಂದು ಕಣ್ಣಾರೆ ಕಂಡಿದ್ದ ಆ್ಯಂಡರ್ಸನ್ ಅವರಿಗೆ ಒಂದು ಸಂಗತಿ ಗೊತ್ತಿದ್ದಿರಬೇಕು. ಸುಂಕ ಹಂಡೆಯ ಮೇಲಾದರೆ, ಅದೇ ಹಂಡೆಯಲ್ಲಿ ವರ್ಷವಿಡೀ ಬಿಡುವಿಲ್ಲದೆ ಎಷ್ಟು ಹೆಚ್ಚು ಇಳಿಸುತ್ತೇವೋ ಗ್ಯಾಲನ್ ಒಂದಕ್ಕೆ ಬೀಳುವ ಸುಂಕ ಅಷ್ಟು ಕಡಿಮೆ. ಸುಗ್ಗಿ ಮುಗಿದ ಮೇಲೆ ಒಂದೆರಡು ತಿಂಗಳು ಮಾತ್ರ ಒಲೆ ಹೊತ್ತಿಸುತ್ತಿದ್ದ ಸಣ್ಣ ರೈತರಿಗೆ ಈ ಅನುಕೂಲವಿರಲಿಲ್ಲ. ಮೌಂಟ್ ವರ್ನನ್‌ನ ಭಟ್ಟಿ ಹನ್ನೆರಡು ತಿಂಗಳೂ ಉರಿಯಿತು.

ಐದು ಹಂಡೆ, ಐವತ್ತು ತೊಟ್ಟಿ

ಹೊಸ ಕಟ್ಟಡದ ಕೆಲಸ 1797ರ ಶರತ್ಕಾಲದಲ್ಲಿ ಆರಂಭವಾಗಿ 1798ರ ಮಾರ್ಚ್ ಹೊತ್ತಿಗೆ ಮುಗಿಯಿತು. ನದಿಯ ಕಲ್ಲು ಮತ್ತು ಮರಳುಗಲ್ಲಿನ ತಳಪಾಯ, 75 ಅಡಿ ಉದ್ದ, 30 ಅಡಿ ಅಗಲ. ಒಳಗೆ ಐದು ತಾಮ್ರದ ಹಂಡೆಗಳು, ಒಂದು ದೊಡ್ಡ ನೀರಿನ ಕೊಪ್ಪರಿಗೆ, ಐವತ್ತು ಮರದ ತೊಟ್ಟಿಗಳು. ಮನೆಯಿಂದ ಹೆಚ್ಚುಕಡಿಮೆ ಮೂರು ಮೈಲಿ ದೂರದಲ್ಲಿ, ಗಿರಣಿಗೆ ಹೊಂದಿಕೊಂಡಂತಿದ್ದ ಜಾಗ ಅದು.

ಆ್ಯಂಡರ್ಸನ್ ಅನುಸರಿಸಿದ ಪಾಕ ಲೆಕ್ಕಪತ್ರಗಳಿಂದ ತಿಳಿದುಬರುತ್ತದೆ. ರೈ ಶೇ 60, ಮೆಕ್ಕೆಜೋಳ ಶೇ 35, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಶೇ 5. ಗಿರಣಿಯಲ್ಲಿ ತರಿಯಾಗಿ ಒಡೆದ ಧಾನ್ಯವನ್ನು ತೊಟ್ಟಿಗೆ ಸುರಿದು, ಮೇಲೆ ಕುದಿನೀರು ಹೊಯ್ದು, ಉದ್ದ ಹಿಡಿಯ ಕುಂಟೆಯಂಥ ಸಾಧನದಿಂದ ತಿರುವಬೇಕು. ಬಾರ್ಲಿಯ ಮೊಳಕೆಯಲ್ಲಿರುವ ಸತ್ತ್ವ ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಹದವಾಗಿ ಆರಿದ ಬಳಿಕ ಹುಳಿಹಿಟ್ಟು ಸೇರಿಸಿದರೆ ಮೂರರಿಂದ ಐದು ದಿನಗಳಲ್ಲಿ ಹುದುಗಿ ಬುರುಗೇಳುತ್ತದೆ. ಆ ದ್ರವವನ್ನು ಬಕೆಟ್ಟುಗಳಲ್ಲಿ ಹೊತ್ತು ಹಂಡೆಗೆ ಸುರಿದು ಕೆಳಗೆ ಸೌದೆಯ ಬೆಂಕಿ ಇಡಬೇಕು. ಮದ್ಯಸಾರ ನೀರಿಗಿಂತ ಮೊದಲು ಆವಿಯಾಗುತ್ತದೆ. ಆ ಆವಿ, ತಣ್ಣೀರಿನ ಪೀಪಾಯಿಯೊಳಗೆ ಸುತ್ತಿಸಿದ ತಾಮ್ರದ ಸುರುಳಿ ಕೊಳವೆಯಲ್ಲಿ ಇಳಿಯುವಾಗ ಮತ್ತೆ ದ್ರವವಾಗಿ ತೊಟ್ಟಿಕ್ಕುತ್ತದೆ. ಬೆಂಕಿ ಹೆಚ್ಚಾದರೆ ತಳ ಹಿಡಿದು ಇಡೀ ಹಂಡೆ ಕಮಟುತ್ತದೆ. ಕಡಿಮೆಯಾದರೆ ಏನೂ ಇಳಿಯದು. ಉಷ್ಣಮಾಪಕಕ್ಕಿಂತ ಕೈ, ಕಣ್ಣು, ಮೂಗುಗಳನ್ನು ನಂಬಿ ಮಾಡುವ ಕೆಲಸ ಅದು.

ಸಾಮಾನ್ಯ ವಿಸ್ಕಿಯನ್ನು ಎರಡು ಬಾರಿ ಇಳಿಸುತ್ತಿದ್ದರು. ಹೆಚ್ಚು ಬೆಲೆಯದನ್ನು ನಾಲ್ಕು ಬಾರಿ. ಮೊದಲನೆಯದಕ್ಕೆ ಗ್ಯಾಲನ್‌ಗೆ ಸುಮಾರು 50 ಸೆಂಟ್, ಎರಡನೆಯದಕ್ಕೆ ಒಂದು ಡಾಲರ್ ಆಸುಪಾಸು. ಇಂದಿನಂತೆ ವರ್ಷಗಟ್ಟಲೆ ಓಕ್ ಪೀಪಾಯಿಯಲ್ಲಿ ಮಾಗಿಸುವ ಪದ್ಧತಿ ಇರಲಿಲ್ಲ. ಇಳಿಸಿದ್ದನ್ನು ಹಾಗೆಯೇ ಪೀಪಾಯಿಗೆ ತುಂಬಿ ಕಳುಹಿಸುತ್ತಿದ್ದರು. ಹೀಗಾಗಿ ವಾಷಿಂಗ್ಟನ್ ಅವರ ವಿಸ್ಕಿಗೆ ಹೊಂಬಣ್ಣವಿರಲಿಲ್ಲ, ನೀರಿನಂತೆ ತಿಳಿಯಾಗಿತ್ತು. ಸೇಬು, ಪೀಚ್ ಮುಂತಾದ ಹಣ್ಣುಗಳಿಂದ ಬ್ರಾಂದಿಯೂ ಅಲ್ಪ ಪ್ರಮಾಣದಲ್ಲಿ ತಯಾರಾಗುತ್ತಿತ್ತು. ಅಂದಹಾಗೆ, ಸ್ವತಃ ವಾಷಿಂಗ್ಟನ್ ಅವರಿಗೆ ಇಷ್ಟವಾಗಿದ್ದುದು ಮಡೀರಾ ವೈನ್ ಮತ್ತು ಪೋರ್ಟರ್ ಬಿಯರ್.

ಭಟ್ಟಿಯಿಂದ ಉಳಿದ ಬಿಸಿ ಕಲಗಚ್ಚು ಕೂಡ ವ್ಯರ್ಥವಾಗಲಿಲ್ಲ. ಪಕ್ಕದ ದೊಡ್ಡಿಗಳಲ್ಲಿ ಹಂದಿಗಳನ್ನೂ ದನಗಳನ್ನೂ ಅದರಿಂದಲೇ ಸಾಕುತ್ತಿದ್ದರು. 1798ರಲ್ಲಿ ಅಲ್ಲಿಗೆ ಬಂದಿದ್ದ ಪೋಲೆಂಡಿನ ಲೇಖಕ ಜೂಲಿಯನ್ ನೀಮ್‌ಸೆವಿಚ್, ನೂರೈವತ್ತು ಹಂದಿಗಳು ಹೊಟ್ಟೆಯನ್ನು ನೆಲದ ಮೇಲೆ ಎಳೆದಾಡುವಷ್ಟು ಕೊಬ್ಬಿದ್ದುದನ್ನು ಕಂಡು ಬರೆದಿಟ್ಟಿದ್ದಾರೆ. ಧಾನ್ಯದಿಂದ ವಿಸ್ಕಿ, ವಿಸ್ಕಿಯ ಶೇಷದಿಂದ ಮಾಂಸ, ದನದ ಗೊಬ್ಬರದಿಂದ ಮತ್ತೆ ಹೊಲ. ಭಟ್ಟಿಯನ್ನು ಆ್ಯಂಡರ್ಸನ್ ಪ್ರತ್ಯೇಕ ಕಾರ್ಖಾನೆಯೆಂದು ನೋಡಿರಲಿಲ್ಲ. ಅದು ಬೇಸಾಯದ ಒಂದು ಅಂಗವಾಗಿತ್ತು. ಮದ್ಯ ತಯಾರಕನಿಗಿಂತ ಕೃಷಿಕನೇ ಅವರಲ್ಲಿ ಮುಂದಿದ್ದ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ಟಿಮೊತಿ

ಭಟ್ಟಿಯ ದೈನಂದಿನ ಉಸ್ತುವಾರಿಯನ್ನು ಆ್ಯಂಡರ್ಸನ್ ತಮ್ಮ ಮಗ ಜಾನ್ ಅವರಿಗೆ ವಹಿಸಿದ್ದರು. ಆದರೆ ಕುದಿನೀರು ಹೊತ್ತವರು, ತೊಟ್ಟಿ ತಿರುವಿದವರು, ಸೌದೆ ಒಟ್ಟಿದವರು, ರಾತ್ರಿ ಹಗಲು ಹಂಡೆ ಕಾದವರು ಗುಲಾಮರು. ಆರು ಹೆಸರುಗಳು ಎಸ್ಟೇಟಿನ ದಾಖಲೆಗಳಲ್ಲಿ ಉಳಿದಿವೆ: ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್ ಮತ್ತು ಟಿಮೊತಿ. ಮನೆತನದ ಹೆಸರುಗಳಿಲ್ಲ. ಮಾಲೀಕರ ಆಸ್ತಿಪಟ್ಟಿಯಲ್ಲಿ ಅದರ ಅಗತ್ಯವೂ ಕಂಡಿರಲಿಲ್ಲ. ಪೀಪಾಯಿ ಮಾಡಿದವರಲ್ಲಿಯೂ, ರೈ ಬಿತ್ತಿ ಕೊಯ್ದವರಲ್ಲಿಯೂ ಗುಲಾಮರೇ ಹೆಚ್ಚು.

ಆಳುಗಳ ಕೂಲಿಯ ಲೆಕ್ಕವೇ ಇಲ್ಲದ ಉದ್ಯಮದ ಲಾಭವನ್ನು ಕೇವಲ ಆ್ಯಂಡರ್ಸನ್ ಅವರ ಚತುರತೆಯ ಫಲವೆಂದು ಬರೆಯುವುದು ಸತ್ಯಕ್ಕೆ ದೂರ. ಹುದುಗಿನ ಹದ, ಬೆಂಕಿಯ ಅಳತೆ ಬಲ್ಲ ಈ ಆರು ಮಂದಿ ನುರಿತ ಕಸುಬುದಾರರು. ಬೇರೆಡೆ ಸ್ವತಂತ್ರರಾಗಿದ್ದಿದ್ದರೆ ಅವರ ಕೈಗೆ ಒಳ್ಳೆಯ ಸಂಬಳ ಬರುತ್ತಿತ್ತು. ತೆರಿಗೆ ವಿರೋಧಿಸಿ ದಂಗೆಯೆದ್ದ ಪೆನ್ಸಿಲ್ವೇನಿಯಾದ ರೈತರು ತಮ್ಮ ಕೈಯಿಂದಲೇ ಹಂಡೆ ಕಾಯಿಸುತ್ತಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಕೈಹಿಡಿದ ಮಾರುಕಟ್ಟೆ

1799ರ ಲೆಕ್ಕ ಬೆರಗು ಹುಟ್ಟಿಸುವಂತಿದೆ. ಆ ವರ್ಷ ಮೌಂಟ್ ವರ್ನನ್‌ನಲ್ಲಿ ಇಳಿಸಿದ ವಿಸ್ಕಿ ಸುಮಾರು 11,000 ಗ್ಯಾಲನ್, ಅಂದರೆ 41 ಸಾವಿರ ಲೀಟರ್ ಆಸುಪಾಸು. ಅದರ ಮೌಲ್ಯ ಅಂದಾಜು 7,500 ಡಾಲರ್. ಹೋಲಿಕೆಗೆ ಇನ್ನೊಂದು ಅಂಕಿ ಗಮನಿಸಬಹುದು. ಹನ್ನೊಂದು ವರ್ಷಗಳ ನಂತರ, 1810ರಲ್ಲಿ ವರ್ಜೀನಿಯಾದಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಭಟ್ಟಿಗಳಿದ್ದವು. ಅವುಗಳ ಸರಾಸರಿ ವಾರ್ಷಿಕ ಉತ್ಪಾದನೆ ಸುಮಾರು 650 ಗ್ಯಾಲನ್. ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ ಅವರಿಗೆ ಸೋತು, ಮುಂದೆ ಭಾರತಕ್ಕೆ ಬಂದು ಟಿಪ್ಪುವಿನ ಅರ್ಧ ರಾಜ್ಯವನ್ನು ಕಸಿದುಕೊಂಡ ಕಾರ್ನ್‌ವಾಲಿಸ್‌ನ ಹೆಸರು ನಮ್ಮ ಓದುಗರಿಗೆ ಗೊತ್ತು. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ ವರ್ಷ ಮತ್ತು ವಾಷಿಂಗ್ಟನ್ ಅವರ ಭಟ್ಟಿ ಉತ್ತುಂಗಕ್ಕೇರಿದ ವರ್ಷ ಒಂದೇ.

ಕೊಂಡವರಲ್ಲಿ ಅಲೆಕ್ಸಾಂಡ್ರಿಯಾದ ವ್ಯಾಪಾರಿಗಳಿದ್ದರು, ನೆರೆಹೊರೆಯ ರೈತರಿದ್ದರು, ಎಸ್ಟೇಟಿನ ಮೇಸ್ತ್ರಿಗಳೂ ಇದ್ದರು. ಕೆಲವರು ಹಣ ಕೊಟ್ಟರು, ಕೆಲವರು ಧಾನ್ಯ ಕೊಟ್ಟು ವಿಸ್ಕಿ ಒಯ್ದರು. ತಮ್ಮ ಹೊಲದ ರೈ, ಮೆಕ್ಕೆಜೋಳ ಸಾಲದೆ ವಾಷಿಂಗ್ಟನ್ ಹೊರಗಿನಿಂದ ಧಾನ್ಯ ಕೊಳ್ಳಬೇಕಾಯಿತು. 1799ರ ಅಕ್ಟೋಬರ್‌ನಲ್ಲಿ ಸೋದರನ ಮಗನಿಗೆ ಬರೆದ ಪತ್ರದಲ್ಲಿ, ಆತನಿಗೆಂದು 200 ಗ್ಯಾಲನ್ ಸಿದ್ಧವಾಗಿದೆ, ಬೇಡಿಕೆ ಬಿರುಸಾಗಿರುವುದರಿಂದ ಬೇಗ ಒಯ್ಯುವುದು ಒಳ್ಳೆಯದು ಎಂದು ಅವರು ಎಚ್ಚರಿಸಿದ್ದಾರೆ. ಎರಡು ವರ್ಷಗಳ ಹಿಂದೆ ಈ ಕಸುಬೇ ಗೊತ್ತಿಲ್ಲ ಎಂದಿದ್ದವರ ಮಾತು ಇದು.

ಹಾಗೆಂದು ಆ್ಯಂಡರ್ಸನ್ ಮತ್ತು ವಾಷಿಂಗ್ಟನ್ ನಡುವೆ ಎಲ್ಲವೂ ಸರಾಗವಾಗಿತ್ತೆಂದು ತಿಳಿಯಬೇಕಿಲ್ಲ. ಆ್ಯಂಡರ್ಸನ್ ಪ್ರಾಮಾಣಿಕ, ಶ್ರಮಜೀವಿ ಎಂಬುದರಲ್ಲಿ ಯಜಮಾನರಿಗೆ ಸಂಶಯವಿರಲಿಲ್ಲ. ಆದರೆ ಕೆಲಸದಲ್ಲಿ ಕ್ರಮಬದ್ಧತೆ ಸಾಲದು, ಒಂದನ್ನು ಮುಗಿಸುವ ಮೊದಲೇ ಇನ್ನೊಂದಕ್ಕೆ ಕೈಹಾಕುತ್ತಾರೆ ಎಂಬ ಆಕ್ಷೇಪವಿತ್ತು. ಆ್ಯಂಡರ್ಸನ್ ಟೀಕೆಯನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವದವರು. ಕೆಲಸ ಬಿಡುವ ಮಾತನ್ನೂ ಆಡಿದ್ದುಂಟು. ಐದು ಫಾರ್ಮುಗಳ ಹೊಣೆಯ ಜತೆಗೆ ತಾವೇ ಬೇಡಿ ಪಡೆದ ಭಟ್ಟಿಯ ಹೊಣೆಯೂ ಸೇರಿ ಅವರ ಆರೋಗ್ಯವೂ ಕುಗ್ಗಿತ್ತು. ಅವರ ಭಾರ ಇಳಿಸುವ ಯೋಚನೆ 1799ರಲ್ಲಿ ವಾಷಿಂಗ್ಟನ್ ಅವರ ಮನಸ್ಸಿನಲ್ಲಿತ್ತು. ಸೋದರಿಯ ಮಗ ಲಾರೆನ್ಸ್ ಲೂಯಿಸ್‌ಗೆ ಗಿರಣಿ ಮತ್ತು ಭಟ್ಟಿಯನ್ನು ಗೇಣಿಗೆ ಕೊಡುವ ಪ್ರಸ್ತಾಪವನ್ನು ಆ ಸೆಪ್ಟೆಂಬರ್‌ನಲ್ಲಿ ಮುಂದಿಟ್ಟರು. ಡಿಸೆಂಬರ್‌ನಲ್ಲಿ ಸಾವು ಬಂತು.

ಬೆಂಕಿ, ಮರೆವು, ಅಗೆತ

ಉಯಿಲಿನ ಪ್ರಕಾರ ಗಿರಣಿ ಮತ್ತು ಭಟ್ಟಿಯಿದ್ದ ಜಮೀನು ಲೂಯಿಸ್ ಹಾಗೂ ಅವರ ಪತ್ನಿ ನೆಲ್ಲಿ ಅವರ ಪಾಲಾಯಿತು. ಆ್ಯಂಡರ್ಸನ್ ವಾಷಿಂಗ್ಟನ್ ಅವರ ಪತ್ನಿ ಮಾರ್ಥಾ ಅವರ ಬಳಿ ಎಸ್ಟೇಟಿನ ಕೆಲಸ ಮುಂದುವರಿಸಿದರು. ಮಾರ್ಥಾ 1802ರಲ್ಲಿ ತೀರಿಕೊಂಡರು. ವಿಸ್ಕಿಯ ಮೇಲಿನ ಸುಂಕವನ್ನು ಜೆಫರ್ಸನ್ ಸರ್ಕಾರ ರದ್ದುಪಡಿಸಿದ್ದೂ ಅದೇ ವರ್ಷ.

ಗುಲಾಮರ ಗತಿ ಏನಾಯಿತು ಎಂಬುದು ಅದೇ ಉಯಿಲಿನ ಇನ್ನೊಂದು ಅಧ್ಯಾಯ. 1799ರಲ್ಲಿ ಮೌಂಟ್ ವರ್ನನ್‌ನಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ 123 ಮಂದಿ ಮಾತ್ರ ವಾಷಿಂಗ್ಟನ್ ಅವರ ಸ್ವಂತ ಒಡೆತನಕ್ಕೆ ಸೇರಿದವರು. ಮಾರ್ಥಾ ಅವರ ಕಾಲಾನಂತರ ಇವರನ್ನು ಬಿಡುಗಡೆ ಮಾಡಬೇಕೆಂದು ಅವರು ಬರೆದಿಟ್ಟಿದ್ದರು. ಮಾರ್ಥಾ ಅಷ್ಟು ಕಾಯದೆ 1801ರ ಜನವರಿ 1ರಂದೇ ಬಿಡುಗಡೆ ನೀಡಿದರು. ಉಳಿದವರಲ್ಲಿ ಹೆಚ್ಚಿನವರು ಮಾರ್ಥಾ ಅವರ ಮೊದಲ ಪತಿ ಕಸ್ಟಿಸ್ ಅವರ ಆಸ್ತಿಗೆ ಸೇರಿದವರಾದ್ದರಿಂದ ಕಾನೂನಿನಂತೆ ಅವರ ಮೊಮ್ಮಕ್ಕಳಿಗೆ ಹಂಚಿಹೋದರು. ಇವೆರಡು ಗುಂಪುಗಳ ನಡುವೆ ಮದುವೆಗಳಾಗಿದ್ದವು. ಒಂದೇ ಮನೆಯಲ್ಲಿ ತಂದೆಗೆ ಸ್ವಾತಂತ್ರ್ಯ, ತಾಯಿಗೂ ಮಕ್ಕಳಿಗೂ ಗುಲಾಮಗಿರಿ ಎಂಬ ಸ್ಥಿತಿ ಬಂತು.

ಆ್ಯಂಡರ್ಸನ್ ಇಲ್ಲದ ಭಟ್ಟಿ ಹೆಚ್ಚು ಕಾಲ ಬಾಳಲಿಲ್ಲ. 1808ರ ಹೊತ್ತಿಗೆ ಅಲೆಕ್ಸಾಂಡ್ರಿಯಾದ ವ್ಯಾಪಾರಿಯೊಬ್ಬರ ಕೈಯಲ್ಲಿತ್ತು. 1814ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಳಿದುಳಿದ ಕಲ್ಲುಗಳನ್ನು ಸುತ್ತಲಿನವರು ತಮ್ಮ ಕಟ್ಟಡಗಳಿಗೆ ಒಯ್ದರು. ಮಣ್ಣು ಮುಚ್ಚಿತು, ಹುಲ್ಲು ಬೆಳೆಯಿತು. ನಂತರದ ತಲೆಮಾರುಗಳು ಕಟ್ಟಿಕೊಂಡ ವಾಷಿಂಗ್ಟನ್ ಅವರ ಚಿತ್ರದಲ್ಲಿ ಕುದುರೆ, ಕತ್ತಿ, ಚೆರಿ ಮರಗಳಿಗೆ ಜಾಗವಿತ್ತು. ವಿಸ್ಕಿ ಭಟ್ಟಿಗೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮದ್ಯವಿರೋಧಿ ಚಳವಳಿಗಳ ಕಾಲದಲ್ಲಿ ರಾಷ್ಟ್ರಪಿತನ ಭಟ್ಟಿಯನ್ನು ನೆನಪಿಸುವ ಉತ್ಸಾಹ ಯಾರಿಗಿದ್ದೀತು?

1932ರಲ್ಲಿ, ವಾಷಿಂಗ್ಟನ್ ಅವರ 200ನೇ ಜನ್ಮವರ್ಷದ ಸಂದರ್ಭದಲ್ಲಿ, ವರ್ಜೀನಿಯಾ ರಾಜ್ಯ ಆ ಸ್ಥಳವನ್ನು ಕೊಂಡು ಅಗೆಯಿಸಿತು. ಗಿರಣಿಯನ್ನು ಮರಳಿ ಕಟ್ಟಿದರು, ಭಟ್ಟಿಯನ್ನು ಕೈಬಿಟ್ಟರು. ಆಗ ಅಮೆರಿಕದಲ್ಲಿ ಪಾನನಿಷೇಧ ಇನ್ನೂ ಜಾರಿಯಲ್ಲಿತ್ತು. 1990ರ ದಶಕದ ಕೊನೆಯಲ್ಲಿ ಮೌಂಟ್ ವರ್ನನ್‌ನ ಪುರಾತತ್ವಜ್ಞರು ಪುನಃ ಅಗೆತ ಕೈಗೊಂಡು, ಹಂಡೆಗಳನ್ನು ಕೂರಿಸಿದ್ದ ಒಲೆಗಳ ನೆಲೆ, ಚರಂಡಿ, ತಳಪಾಯಗಳನ್ನು ಗುರುತಿಸಿದರು. ಮದ್ಯೋದ್ಯಮದ ನೆರವಿನಿಂದ ಅದೇ ತಳಪಾಯದ ಮೇಲೆ ಭಟ್ಟಿ ಮತ್ತೆ ಎದ್ದು ನಿಂತು 2007ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆ್ಯಂಡರ್ಸನ್ ಅವರ 60–35–5ರ ಪಾಕದಲ್ಲಿ, ಸೌದೆ ಉರಿಯಲ್ಲಿ, ಮರದ ತೊಟ್ಟಿಗಳಲ್ಲಿ ವಿಸ್ಕಿ ತಯಾರಿಸಿ ಅಲ್ಲಿಯೇ ಮಾರುವ ಕೆಲಸವೂ ಆರಂಭವಾಯಿತು. 2017ರಲ್ಲಿ ವರ್ಜೀನಿಯಾ ಶಾಸನಸಭೆ ಇದಕ್ಕೆ ರಾಜ್ಯದ ಅಧಿಕೃತ ಮದ್ಯವೆಂಬ ಮಾನ್ಯತೆ ನೀಡಿತು. ಕಾನೂನಿನಲ್ಲಿ ಅದನ್ನು ಕರೆದಿರುವುದು ಜಾರ್ಜ್ ವಾಷಿಂಗ್ಟನ್ ಅವರ ರೈ ವಿಸ್ಕಿ ಎಂದು.